ಮಧುಮೇಹಿಯ ಮನಸ್ಸು ಮತ್ತು ನಡಿಗೆ

ನಿಮಗೆ ಪರಿಚಯವಿರುವ ಮನೆಯೊಂದನ್ನು ನೆನಪಿಗೆ ತಂದುಕೊಳ್ಳಿ. ಆ ಮನೆಯ ಯಜಮಾನರು ಮೂವತ್ತು ವರ್ಷ ಉಪಾಧ್ಯಾಯರಾಗಿದ್ದು ನಿವೃತ್ತರಾದವರೆಂದು ಇಟ್ಟುಕೊಳ್ಳೋಣ. ಹತ್ತು ವರ್ಷಗಳಿಂದ ಅವರಿಗೆ ಮಧುಮೇಹ. ಮೊದಮೊದಲು ಅವರಷ್ಟು ಶಿಸ್ತಿನ ರೋಗಿ ಆ ಬೀದಿಯಲ್ಲಿಯೇ ಇರಲಿಲ್ಲ. ರೇಡಿಯೋದಲ್ಲಿ ಬೆಳಗಿನ ವಾರ್ತೆ ಬರುವ ಹೊತ್ತಿಗೆ ಅವರು ಕೆರೆಯ ಏರಿಯವರೆಗೆ ನಡೆದು ಹಿಂದಿರುಗಿ ಕೈಕಾಲು ತೊಳೆದು ಕುಳಿತಿರುತ್ತಿದ್ದರು. ಈಗ ಆರು ತಿಂಗಳಿಂದ ಅವರ ಚಪ್ಪಲಿ ಬಾಗಿಲ ಮೂಲೆಯಲ್ಲಿ ಧೂಳು ತಿನ್ನುತ್ತಿದೆ. ವಾರ್ತೆಯ ಹೊತ್ತಿಗೆ ಅವರು ಇನ್ನೂ ಹಾಸಿಗೆಯಲ್ಲಿಯೇ ಇರುತ್ತಾರೆ. ಎದ್ದರೂ ಆರಾಮಕುರ್ಚಿಗೆ ಬಂದು ಕೂರುತ್ತಾರೆ, ಅಷ್ಟೇ. ರೇಡಿಯೋ ಹಾಡುತ್ತಿರುತ್ತದೆ, ಅವರು ಕೇಳುತ್ತಿರುವುದಿಲ್ಲ. ಮಾತ್ರೆ ನುಂಗಿದರೋ ಇಲ್ಲವೋ ಅವರಿಗೇ ನೆನಪಿರದು. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಬೆಳಗಿನವರೆಗೆ ಸೂರು ನೋಡುವುದೇ ಕೆಲಸ.

ಇದರ ನಡುವೆ ರಕ್ತಪರೀಕ್ಷೆಯ ಚೀಟಿ ಬರುತ್ತದೆ. ಸಕ್ಕರೆಯ ಅಂಶ ಏರಿದೆ. ಮಗನು, "ಅಪ್ಪನಿಗೆ ಮೈಗಳ್ಳತನ ಬಂದಿದೆ" ಎನ್ನುತ್ತಾನೆ. ಮಡದಿಯು, "ಕದ್ದು ಸಿಹಿ ತಿನ್ನುತ್ತಿರಬೇಕು" ಎಂದು ಡಬ್ಬಗಳನ್ನು ಮೇಲಿನ ಅಟ್ಟಕ್ಕೆ ಸಾಗಿಸುತ್ತಾರೆ. ವೈದ್ಯರು ಚೀಟಿ ನೋಡಿ ಮಾತ್ರೆಯನ್ನು ಒಂದರಿಂದ ಎರಡಕ್ಕೆ ಏರಿಸಿ, "ದಿನಾಲೂ ನಡೆಯಿರಿ" ಎಂದು ಹೇಳಿ ಮುಂದಿನ ರೋಗಿಯನ್ನು ಕರೆಯುತ್ತಾರೆ. ಎಲ್ಲರೂ ಅವರ ಹಿತಚಿಂತಕರೇ. ಆದರೆ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ: "ನಿಮ್ಮ ಮನಸ್ಸು ಹೇಗಿದೆ?"

ಈ ಲೇಖನ ಆ ಒಂದು ಪ್ರಶ್ನೆಯನ್ನು ಕುರಿತದ್ದು. ಸಕ್ಕರೆ, ಮನಸ್ಸು, ನಡಿಗೆ ಈ ಮೂರಕ್ಕೂ ಇರುವ ನಂಟನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ನಮ್ಮ ದೇಶದ ಲೆಕ್ಕವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯು ಭಾರತದಲ್ಲಿ ಸುಮಾರು ೧೦ ಕೋಟಿ ಜನರಿಗೆ ಮಧುಮೇಹವಿದೆಯೆಂದೂ, ಇನ್ನು ಸುಮಾರು ೧೩ ಕೋಟಿ ೬೦ ಲಕ್ಷ ಜನರು ಅದರ ಹೊಸ್ತಿಲಲ್ಲಿ ನಿಂತಿದ್ದಾರೆಂದೂ ಅಂದಾಜು ಮಾಡಿತು. ಇನ್ನು ಮನಸ್ಸಿನ ಮಾತು. ಬೇರೆ ಬೇರೆ ಕಡೆ ನಡೆದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದ ಒಂದು ಪರಿಶೀಲನೆ ೨೦೦೧ರಲ್ಲಿ ಪ್ರಕಟವಾಯಿತು. ಮಧುಮೇಹವಿಲ್ಲದವರಿಗೆ ಹೋಲಿಸಿದರೆ ಮಧುಮೇಹಿಗಳಲ್ಲಿ ಖಿನ್ನತೆ ಕಾಣಿಸುವ ಸಂಭವ ಸುಮಾರು ಎರಡು ಪಟ್ಟು ಎಂಬುದು ಅದರ ನಿರ್ಣಯ. ೨೦೦೮ರ ಇನ್ನೊಂದು ಪರಿಶೀಲನೆಯು ನಂಟಿನ ಮತ್ತೊಂದು ಮುಖವನ್ನು ತೋರಿಸಿತು. ಖಿನ್ನತೆಯಿಂದ ಬಳಲುವವರಿಗೆ ಮುಂದೆ ಮಧುಮೇಹ ಬರುವ ಸಂಭವವೂ ಶೇಕಡ ೬೦ರಷ್ಟು ಹೆಚ್ಚು. ಎಂದರೆ ಈ ಎರಡು ಕಾಯಿಲೆಗಳ ನಡುವಣ ಬಾಗಿಲು ಎರಡು ಕಡೆಗೂ ತೆರೆಯುತ್ತದೆ.

ಇದು ತೀರ ಹೊಸ ಸಂಗತಿಯೇನೂ ಅಲ್ಲ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಎಂಬಾತನು ಮಧುಮೇಹಿಯ ಮೂತ್ರಕ್ಕೆ ಜೇನಿನಂತಹ ಸಿಹಿಯಿದೆಯೆಂದು ಬರೆದಿಟ್ಟನು. ಬಹುಕಾಲ ಮನಸ್ಸನ್ನು ಕೊರೆಯುವ ದುಃಖವು ಈ ರೋಗಕ್ಕೆ ಒಂದು ಕಾರಣವೆಂದೂ ಆತ ನಂಬಿದ್ದನು. ಅವನಿಗೂ ಬಹಳ ಮುಂಚೆ ನಮ್ಮ ಸುಶ್ರುತ ಸಂಹಿತೆಯು ಪ್ರಮೇಹದ ಚಿಕಿತ್ಸೆಯನ್ನು ಹೇಳುವಾಗ ಮದ್ದಿನ ಜೊತೆಗೆ ನಡಿಗೆಯನ್ನೂ ವಿಧಿಸಿದೆ. ಹಣವಿಲ್ಲದ ರೋಗಿಯು ಪಾದರಕ್ಷೆ, ಕೊಡೆಗಳಿಲ್ಲದೆ, ಭಿಕ್ಷಾನ್ನ ಉಣ್ಣುತ್ತ, ಒಂದೂರಿನಲ್ಲಿ ಒಂದೇ ರಾತ್ರಿ ತಂಗುತ್ತ, ನೂರು ಯೋಜನ ನಡೆಯತಕ್ಕದ್ದೆಂದು ಅದರ ವಿಧಿ. ಬಾವಿ ತೋಡುವ ಕೆಲಸವನ್ನೂ ಅದು ಹೇಳುತ್ತದೆ. ನೂರು ಯೋಜನವೆಂದರೆ ನಮಗೆ ನಗು ಬರಬಹುದು. ಆದರೆ ದಿನವೂ ಹೊಸ ಊರು, ಹೊಸ ಮುಖ, ಮಿತವಾದ ಊಟ, ದಣಿವಿನ ನಿದ್ರೆ ಇವೆಲ್ಲ ರಕ್ತಕ್ಕೆ ಮಾತ್ರವಲ್ಲ, ಮನಸ್ಸಿಗೂ ಮದ್ದೇ ಅಲ್ಲವೆ?

೧೯೨೧-೨೨ರಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಅವರ ಜೊತೆಗಾರರು ಇನ್ಸುಲಿನ್ನನ್ನು ಬೇರ್ಪಡಿಸಿ ರೋಗಿಗಳಿಗೆ ಕೊಟ್ಟ ಮೇಲೆ ಮಧುಮೇಹದ ಚಿಕಿತ್ಸೆಯೇ ಬದಲಾಯಿತು. ಸಾವಿನಂಚಿನಲ್ಲಿದ್ದ ಮಕ್ಕಳು ಎದ್ದು ಕುಳಿತರು. ಅದು ಮಹೋಪಕಾರ. ಆದರೆ ಅಂದಿನಿಂದ ವೈದ್ಯರ ಕಣ್ಣೂ ರೋಗಿಯ ಕಣ್ಣೂ ರಕ್ತದ ಅಂಕಿಯ ಮೇಲೆಯೇ ನೆಟ್ಟವು. ಅಂಕಿಯ ಹಿಂದಿರುವ ಮನುಷ್ಯನು ಕೊಂಚ ಮರೆಯಾದನು.

ಇಲ್ಲಿ ಒಂದು ವಿವೇಚನೆ ಅಗತ್ಯ. ದುಃಖವೆಲ್ಲ ಖಿನ್ನತೆಯಲ್ಲ. ಮಧುಮೇಹಿಗೆ ರೋಗದ ಬೇಸರ ಎಂಬುದೊಂದಿದೆ. ದಿನವೂ ಮಾತ್ರೆ, ದಿನವೂ ಪಥ್ಯ, ಮದುವೆಮನೆಯ ಪಂಕ್ತಿಯಲ್ಲಿ ಹೋಳಿಗೆ ಬಂದಾಗ ಎಲೆಯ ಮೇಲೆ ಅಡ್ಡಗೈ, ಕಣ್ಣು ಹೋದೀತೆ, ಕಾಲು ಹೋದೀತೆ ಎಂಬ ಭಯ. ಇವುಗಳಿಂದ ಯಾರಿಗಾದರೂ ಒಮ್ಮೊಮ್ಮೆ ಸಾಕುಸಾಕೆನಿಸುತ್ತದೆ. ಇಂಥ ಬೇಸರ ನಂಬಿಕಸ್ಥರೊಡನೆ ಮಾತಾಡಿದಾಗ, ಪಥ್ಯ ಸ್ವಲ್ಪ ಸುಲಭವಾದಾಗ ಹಗುರಾಗುವುದುಂಟು. ಖಿನ್ನತೆ ಹಾಗಲ್ಲ. ಅದು ಬದುಕಿನ ಎಲ್ಲ ಕೋಣೆಗಳಿಗೂ ಕತ್ತಲೆಯನ್ನು ತುಂಬುತ್ತದೆ.

ಗುರುತಿಸುವುದು ಹೇಗೆ? ವೈದ್ಯರು ಮೊದಲಿಗೆ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಅವನ್ನು ನೀವೂ ಕೇಳಿಕೊಳ್ಳಬಹುದು. ಒಂದು: ಕಳೆದ ಎರಡು ವಾರಗಳಲ್ಲಿ, ಮೊದಲು ಇಷ್ಟವಾಗಿದ್ದ ಕೆಲಸಗಳಲ್ಲಿಯೂ ನನಗೆ ಆಸಕ್ತಿಯಾಗಲಿ ಸಂತೋಷವಾಗಲಿ ಇಲ್ಲದೆ ಹೋಗಿದೆಯೆ? ಎರಡು: ಇದೇ ಎರಡು ವಾರಗಳಲ್ಲಿ ಮನಸ್ಸು ಕುಗ್ಗಿ, ಮುಂದೆ ದಾರಿಯೇ ಇಲ್ಲವೆಂದು ಅನ್ನಿಸುತ್ತಿದೆಯೆ? ಹೆಚ್ಚು ದಿನಗಳಲ್ಲಿ ಹೀಗೆಯೇ ಇದೆಯೆಂಬುದು ಉತ್ತರವಾದರೆ ಅದನ್ನು ವೈದ್ಯರ ಮುಂದೆ ಹೇಳಲೇಬೇಕು. ನಿದ್ರೆ ಕೆಡುವುದು, ಹಸಿವು ಕೆಡುವುದು, ಸದಾ ಸುಸ್ತು, ತಾನು ನಿಷ್ಪ್ರಯೋಜಕನೆಂಬ ಭಾವ ಇವೂ ಜೊತೆಗೂಡಬಹುದು. ಸುಸ್ತಿಗೆ ಬೇರೆ ಕಾರಣಗಳೂ ಇರಬಹುದೆಂಬುದನ್ನು ಮರೆಯಬಾರದು. ಥೈರಾಯ್ಡ್ ಗ್ರಂಥಿಯ ದೋಷ, ರಕ್ತಹೀನತೆ, ಮೆಟ್‌ಫಾರ್ಮಿನ್ ಮಾತ್ರೆಯನ್ನು ಅನೇಕ ವರ್ಷ ಸೇವಿಸಿದವರಲ್ಲಿ ಬರಬಹುದಾದ ಬಿ-೧೨ ಜೀವಸತ್ತ್ವದ ಕೊರತೆ ಇವುಗಳನ್ನು ರಕ್ತಪರೀಕ್ಷೆಯಿಂದ ಕಂಡುಕೊಳ್ಳಬಹುದು.

ಇನ್ನು, ಒಂದು ಕಾಯಿಲೆ ಇನ್ನೊಂದನ್ನು ಸಾಕುವ ಬಗೆ. ಮನಸ್ಸು ದೀರ್ಘಕಾಲ ಕಳವಳದಲ್ಲಿದ್ದರೆ ಶರೀರವು ಕಾರ್ಟಿಸಾಲ್ ಮೊದಲಾದ ರಸಗಳನ್ನು ಹೆಚ್ಚಾಗಿ ಸುರಿಸುತ್ತದೆ. ಅವು ಯಕೃತ್ತಿನಿಂದ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತವೆ. ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುತ್ತವೆ. ಇದು ಒಳಗಿನ ದಾರಿ. ಹೊರಗಿನ ದಾರಿ ನಮಗೆಲ್ಲ ಕಾಣುವಂಥದು. ಮನಸ್ಸು ಕುಗ್ಗಿದವನು ಮಾತ್ರೆ ಮರೆಯುತ್ತಾನೆ, ನಡಿಗೆ ಬಿಡುತ್ತಾನೆ, ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುತ್ತಾನೆ. ಸಕ್ಕರೆ ಏರುತ್ತದೆ. ಏರಿದ ಸಕ್ಕರೆಯಿಂದ ಸುಸ್ತು, ರಾತ್ರಿ ನಾಲ್ಕು ಬಾರಿ ಮೂತ್ರಕ್ಕೆ ಏಳುವುದು, ನಿದ್ರಾಭಂಗ. ನಿದ್ರೆಗೆಟ್ಟವನ ಮನಸ್ಸು ಮತ್ತಷ್ಟು ಕುಗ್ಗುತ್ತದೆ. ಗಾಣದ ಎತ್ತಿನಂತೆ ಸುತ್ತಿದಲ್ಲಿಯೇ ಸುತ್ತು. ಈ ಸುತ್ತನ್ನು ಎಲ್ಲಿಯಾದರೂ ಒಂದು ಕಡೆ ಕಡಿಯಬೇಕು. ಕಡಿಯಲು ಸುಲಭವಾಗಿ ಕೈಗೆಟಕುವ ಜಾಗಗಳಲ್ಲಿ ವ್ಯಾಯಾಮವೂ ಒಂದು.

ಏಕೆಂದರೆ ಅದು ಎರಡು ಕಡೆಯೂ ಏಕಕಾಲದಲ್ಲಿ ಕೆಲಸ ಮಾಡುತ್ತದೆ. ಮೊದಲು ಸಕ್ಕರೆಯ ಕಡೆ. ನಮ್ಮ ಮಾಂಸಖಂಡಗಳ ಜೀವಕೋಶಗಳನ್ನು ಮನೆಗಳೆಂದು ಭಾವಿಸಿ. ಸಾಮಾನ್ಯವಾಗಿ ಇನ್ಸುಲಿನ್ ಎಂಬ ಕೀಲಿಕೈ ತಿರುಗಿದಾಗ ಮುಂಬಾಗಿಲು ತೆರೆದು ಸಕ್ಕರೆ ಒಳಗೆ ಹೋಗುತ್ತದೆ. ಮಧುಮೇಹದಲ್ಲಿ ಕೀಲಿ ಸವೆದಿದೆ ಅಥವಾ ಬೀಗ ತುಕ್ಕು ಹಿಡಿದಿದೆ. ಸಕ್ಕರೆ ಬೀದಿಯಲ್ಲಿಯೇ, ಎಂದರೆ ರಕ್ತದಲ್ಲಿಯೇ, ನಿಂತುಬಿಡುತ್ತದೆ. ಆದರೆ ಮಾಂಸಖಂಡವು ದುಡಿಯತೊಡಗಿದರೆ ಅದು ತನ್ನ ಹಿತ್ತಲ ಬಾಗಿಲನ್ನು ತಾನೇ ತೆರೆದು, ಇನ್ಸುಲಿನ್ನನ್ನು ಕಾಯದೆ, ಸಕ್ಕರೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನಡಿಗೆ ನಿಂತ ಮೇಲೆಯೂ ಒಂದೆರಡು ದಿನ ಮುಂಬಾಗಿಲ ಬೀಗ ಮೊದಲಿಗಿಂತ ಸಲೀಸಾಗಿ ತೆರೆಯುತ್ತದೆ. ಒಂದೇ ಸಮನೆ ಎರಡು ದಿನಕ್ಕಿಂತ ಹೆಚ್ಚು ವ್ಯಾಯಾಮವನ್ನು ಬಿಡಬೇಡಿರೆಂದು ವೈದ್ಯರು ಹೇಳುವುದು ಇದೇ ಕಾರಣದಿಂದ.

ಇನ್ನು ಮನಸ್ಸಿನ ಕಡೆ. ನಡೆದವನಿಗೆ ನಿದ್ರೆ ಚೆನ್ನಾಗಿ ಬರುತ್ತದೆ. ಹೊರಗೆ ಹೋದವನಿಗೆ ಬೆಳಕು ಸಿಕ್ಕುತ್ತದೆ, ಒಂದಿಬ್ಬರಾದರೂ ನಮಸ್ಕಾರವೆನ್ನುತ್ತಾರೆ. ಮಿದುಳಿನಲ್ಲಿ ಉತ್ಸಾಹಕ್ಕೆ ಸಂಬಂಧಪಟ್ಟ ರಾಸಾಯನಿಕಗಳ ಏರಿಳಿತದ ಮೇಲೆಯೂ ವ್ಯಾಯಾಮದ ಪ್ರಭಾವವುಂಟು. ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಖಿನ್ನತೆಯು ಮನುಷ್ಯನ ಕಿವಿಯಲ್ಲಿ, "ನಿನ್ನಿಂದ ಏನೂ ಆಗದು" ಎಂದು ಹಗಲಿರುಳು ಪಿಸುಗುಟ್ಟುತ್ತಿರುತ್ತದೆ. ಬೀದಿಯ ಕೊನೆಯವರೆಗೆ ನಡೆದು ಬಂದವನು ಆ ಮಾತಿಗೆ ಒಂದು ಸಣ್ಣ ಪ್ರತ್ಯುತ್ತರವನ್ನು ಕೊಟ್ಟಂತಾಯಿತು.

ಇದು ಬರಿಯ ಉಪದೇಶವೋ, ಪರೀಕ್ಷಿಸಿ ನೋಡಿದ್ದೋ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ೧೯೯೯ರಲ್ಲಿ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಖಿನ್ನತೆಯಿಂದ ಬಳಲುತ್ತಿದ್ದ, ಐವತ್ತು ದಾಟಿದ ೧೫೬ ಮಂದಿಯನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಮಾತ್ರೆ, ಒಂದಕ್ಕೆ ವಾರಕ್ಕೆ ಮೂರು ಸಲ ವ್ಯಾಯಾಮ, ಒಂದಕ್ಕೆ ಎರಡೂ. ಮಾತ್ರೆ ಬೇಗ ಕೆಲಸ ಮಾಡಿತು. ಆದರೆ ಹದಿನಾರು ವಾರಗಳ ಕೊನೆಯಲ್ಲಿ ನೋಡಿದಾಗ ಮೂರು ಗುಂಪುಗಳೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಸುಧಾರಿಸಿದ್ದವು. ಇವರು ಮಧುಮೇಹಿಗಳೆಂದು ಆರಿಸಿದವರಲ್ಲ. ಮಧುಮೇಹವೂ ಖಿನ್ನತೆಯೂ ಕೂಡಿಯೇ ಇದ್ದವರನ್ನು ಕುರಿತ ಪ್ರಯೋಗವೊಂದು ಅಮೆರಿಕದ ಇಂಡಿಯಾನಾ, ಓಹಾಯೋ, ಪಶ್ಚಿಮ ವರ್ಜೀನಿಯಾ ಸಂಸ್ಥಾನಗಳಲ್ಲಿ ನಡೆದು ೨೦೧೯ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದವರು ೧೪೦ ಮಂದಿ. ಕೆಲವರಿಗೆ ಆಪ್ತಸಮಾಲೋಚನೆ, ಅಂದರೆ ಯೋಚನೆಯ ಸಿಕ್ಕನ್ನು ಬಿಡಿಸುವ ಮಾತಿನ ಚಿಕಿತ್ಸೆ, ಕೆಲವರಿಗೆ ಹನ್ನೆರಡು ವಾರಗಳ ವ್ಯಾಯಾಮ, ಕೆಲವರಿಗೆ ಎರಡೂ, ಉಳಿದವರಿಗೆ ಎಂದಿನ ಚಿಕಿತ್ಸೆ. ಎಂದಿನ ಚಿಕಿತ್ಸೆಯಲ್ಲಿದ್ದವರಿಗಿಂತ ಉಳಿದ ಮೂರು ಗುಂಪಿನವರಲ್ಲಿಯೂ ಖಿನ್ನತೆ ಇಳಿದದ್ದು ಹೆಚ್ಚು. ಎರಡನ್ನೂ ಕೂಡಿಸಿಕೊಂಡವರ ಪೈಕಿ, ಮೊದಲು ಸಕ್ಕರೆ ಹತೋಟಿ ತಪ್ಪಿದ್ದವರಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆಯೂ ಇಳಿಯಿತು. ೧೪೦ ಮಂದಿ ಎಂಬುದು ದೊಡ್ಡ ಸಂಖ್ಯೆಯಲ್ಲ, ಅದನ್ನೇ ವೇದವಾಕ್ಯವೆನ್ನಲಾಗದು. ಆದರೂ ದಾರಿ ಯಾವ ದಿಕ್ಕಿಗಿದೆಯೆಂದು ತೋರಿಸಲು ಅದು ಸಾಕು.

ಹಾಗಾದರೆ ನಮ್ಮ ಉಪಾಧ್ಯಾಯರಿಗೆ, "ಏಳಿ, ದಿನಕ್ಕೆ ಮೂರು ಮೈಲಿ ನಡೆಯಿರಿ" ಎಂದರಾಯಿತೆ? ಆಗದು. ಇಲ್ಲಿಯೇ ನಾವು ತಪ್ಪುವುದು. ಏಳುವ ಶಕ್ತಿಯನ್ನೇ ಕಸಿದುಕೊಳ್ಳುವುದು ಆ ಕಾಯಿಲೆಯ ಲಕ್ಷಣ. ಕಾಲು ಮುರಿದವನಿಗೆ, "ಓಡು, ಸರಿಹೋಗುತ್ತದೆ" ಎಂದಂತಾದೀತು. ಮೂರು ಮೈಲಿಯನ್ನು ಗೊತ್ತುಮಾಡಿ, ಮೊದಲ ದಿನವೇ ಸೋತು, "ನೋಡಿ, ನಾನು ಹೇಳಲಿಲ್ಲವೆ, ನನ್ನಿಂದಾಗದು" ಎಂದು ಅವರು ಮತ್ತೆ ಕುರ್ಚಿಗೊರಗಿದರೆ ಮೊದಲಿಗಿಂತ ಕೆಡುಕೇ ಆಯಿತು.

ಇದಕ್ಕೆ ತಿಳಿದವರು ಹೇಳುವ ಉಪಾಯ ಎರಡು. ಮೊದಲನೆಯದು, ಮನಸ್ಸು ಬರಲೆಂದು ಕಾಯಬಾರದು. ಆರೋಗ್ಯವಂತನಲ್ಲಿ ಮೊದಲು ಮನಸ್ಸು, ಆಮೇಲೆ ಕೆಲಸ. ಖಿನ್ನನಲ್ಲಿ ಮೊದಲು ಕೆಲಸ. ಮನಸ್ಸು ಹಿಂದಿನಿಂದ ನಿಧಾನವಾಗಿ ಬರುತ್ತದೆ, ತಾಯಿಯ ಹಿಂದೆ ಹಟಮಾರಿ ಮಗು ಬರುವ ಹಾಗೆ. ಎರಡನೆಯದು, ಕೆಲಸ ಎಷ್ಟು ಸಣ್ಣದಿರಬೇಕೆಂದರೆ ಅದರಲ್ಲಿ ಸೋಲುವುದೇ ಕಷ್ಟವಾಗಬೇಕು.

ರೇಡಿಯೋ ಇರುವ ಮನೆಯವರಿಗೆ ಒಂದು ಸುಲಭದ ಅಳತೆಯುಂಟು. ಒಂದು ಚಿತ್ರಗೀತೆ ಸಾಮಾನ್ಯವಾಗಿ ಮೂರು ನಾಲ್ಕು ನಿಮಿಷ. ಮೂರು ಹಾಡೆಂದರೆ ಹತ್ತು ನಿಮಿಷ. ಮೊದಲ ವಾರ ಒಂದೇ ಹಾಡಿನಷ್ಟು ನಡೆದರೆ ಸಾಕು. ಬೀದಿಗೆ ಹೋಗಲು ಸಂಕೋಚವಾದರೆ ಪಡಸಾಲೆಯಲ್ಲಿಯೇ, ಮಹಡಿಯ ಮೇಲೆಯೇ ಆಗಲಿ. ಎರಡನೆಯ ವಾರ ಎರಡು ಹಾಡು, ಮೂರನೆಯ ವಾರ ಮೂರು. ಆಮೇಲೆ ದಿನಕ್ಕೊಮ್ಮೆ ಇದ್ದುದನ್ನು ಮೂರು ಊಟದ ನಂತರವೂ ಇಟ್ಟುಕೊಳ್ಳಿ. ಹೀಗೆ ಹೇಳಲು ಕಾರಣವುಂಟು. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು ೪೧ ಮಧುಮೇಹಿಗಳಲ್ಲಿ ಎರಡು ಬಗೆಯ ನಡಿಗೆಯನ್ನು ಹೋಲಿಸಿ ೨೦೧೬ರಲ್ಲಿ ಪ್ರಕಟಿಸಿದರು. ದಿನಕ್ಕೊಮ್ಮೆ ಯಾವಾಗಲಾದರೂ ಅರ್ಧ ಗಂಟೆ ನಡೆಯುವುದಕ್ಕಿಂತ ಪ್ರತಿ ಊಟದ ಬಳಿಕ ಹತ್ತು ಹತ್ತು ನಿಮಿಷ ನಡೆದಾಗ ಊಟದ ನಂತರದ ಸಕ್ಕರೆಯ ಏರಿಕೆ ಸರಾಸರಿ ಶೇಕಡ ೧೨ರಷ್ಟು ಕಡಿಮೆಯಾಯಿತು. ರಾತ್ರಿಯ ಊಟದ ನಂತರವಂತೂ ಶೇಕಡ ೨೨ರಷ್ಟು. ಅನ್ನ, ಮುದ್ದೆ, ರೊಟ್ಟಿಗಳೇ ಪ್ರಧಾನವಾದ, ರಾತ್ರಿ ತಡವಾಗಿ ಉಂಡು ಒಡನೆಯೇ ಮಲಗುವ ನಮ್ಮ ಮನೆಗಳಿಗೆ ಇದು ಹೇಳಿ ಮಾಡಿಸಿದ ಮಾತು.

ಹೀಗೆ ಮೆಲ್ಲಮೆಲ್ಲನೆ ಏರುತ್ತ ವಾರಕ್ಕೆ ಒಟ್ಟು ೧೫೦ ನಿಮಿಷಗಳನ್ನು ಮುಟ್ಟುವುದು ಗುರಿ. ನಡಿಗೆಯ ವೇಗವನ್ನು ತಿಳಿಯಲು ಯಂತ್ರ ಬೇಡ. ನಡೆಯುವಾಗ ಪಕ್ಕದವರೊಡನೆ ಮಾತಾಡಲು ಸಾಧ್ಯವಿರಬೇಕು, ಆದರೆ ಹಾಡಲು ಉಸಿರು ಸಾಲದಂತಿರಬೇಕು. ಅದು ಹದವಾದ ವೇಗ. ಇದರ ಜೊತೆಗೆ ವಾರದಲ್ಲಿ ಎರಡು ಮೂರು ದಿನ ಮಾಂಸಖಂಡಗಳಿಗೆ ಬಲ ಕೊಡುವ ಅಂಗಸಾಧನೆಯೂ ಇರಲಿ. ಕೈಯೂರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಅಂಗೈಯೂರಿ ಹತ್ತು ಸಲ ತಳ್ಳುವುದು, ನೀರು ತುಂಬಿದ ಸಣ್ಣ ಸೀಸೆಗಳನ್ನು ಎತ್ತಿ ಇಳಿಸುವುದು ಸಾಕು. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಕಡೆ ಕೂರದೆ, ಎದ್ದು ನಾಲ್ಕು ಹೆಜ್ಜೆ ಓಡಾಡುವುದೂ ಲೆಕ್ಕಕ್ಕುಂಟು.

ಗೃಹಿಣಿಯರು ಇಲ್ಲಿ ಒಂದು ಮಾತು ಕೇಳುವುದುಂಟು: "ಬೆಳಗಿನಿಂದ ರಾತ್ರಿಯವರೆಗೆ ಮನೆಗೆಲಸ ಮಾಡುತ್ತೇವೆ, ಅದು ವ್ಯಾಯಾಮವಲ್ಲವೆ?" ನೀರು ಸೇದುವುದು, ಬಟ್ಟೆ ಒಗೆಯುವುದು, ನೆಲ ಸಾರಿಸುವುದು ನಿಜವಾಗಿಯೂ ಮೈಗೆ ದುಡಿಮೆಯೇ. ಆದರೆ ಒಲೆಯ ಮುಂದೆ ನಿಂತೇ ಇರುವುದು ದಣಿವನ್ನು ಕೊಟ್ಟೀತು, ಉಸಿರನ್ನು ಏರಿಸದು. ಇನ್ನೊಂದು ಸೂಕ್ಷ್ಮವುಂಟು. ಮನೆಗೆಲಸ ಪರರಿಗಾಗಿ ಮಾಡುವುದು, ಮುಗಿಯಿತೆನ್ನುವಂತಿಲ್ಲ. ಸಂಜೆ ನೆರೆಯ ಗೆಳತಿಯೊಡನೆ ದೇವಸ್ಥಾನದವರೆಗೆ ಹೋಗಿಬರುವ ಅರ್ಧ ಗಂಟೆ ತನಗಾಗಿ ಇಟ್ಟುಕೊಂಡ ಹೊತ್ತು. ಕುಗ್ಗಿದ ಮನಸ್ಸಿಗೆ ಬೇಕಾದದ್ದು ಅಂಥ ಹೊತ್ತು. ಆ ಅರ್ಧ ಗಂಟೆ ಒಲೆಯನ್ನು ನೋಡಿಕೊಳ್ಳುವವರು ಮನೆಯಲ್ಲಿ ಬೇರೊಬ್ಬರು ಇರಬೇಕಷ್ಟೆ.

ಈಗ ಎಚ್ಚರಿಕೆಯ ಮಾತುಗಳು. ಇವನ್ನು ದಯವಿಟ್ಟು ಮನೆಯವರೆಲ್ಲರೂ ಓದಿರಿ.

ಸುಶ್ರುತನ ವಿಧಿಯಲ್ಲಿ ಒಂದನ್ನು ಮಾತ್ರ ಇಂದಿನ ವೈದ್ಯರು ಒಪ್ಪರು. ಅದು ಬರಿಗಾಲ ನಡಿಗೆ. ಬಹುಕಾಲದ ಮಧುಮೇಹದಲ್ಲಿ ಪಾದದ ನರಗಳು ಸ್ಪರ್ಶವನ್ನು ಕಳೆದುಕೊಳ್ಳುವುದುಂಟು. ಮುಳ್ಳು ಚುಚ್ಚಿದರೂ ತಿಳಿಯದು. ದೇವಸ್ಥಾನದ ಪ್ರಾಕಾರದಲ್ಲಿ ಮಧ್ಯಾಹ್ನದ ಬಿಸಿಲಿಗೆ ಕಾದ ಚಪ್ಪಡಿಯ ಮೇಲೆ ಪ್ರದಕ್ಷಿಣೆ ಬಂದವರು ಮನೆಗೆ ಬಂದ ಮೇಲೆ ಬೊಬ್ಬೆಯನ್ನು ಕಂಡದ್ದುಂಟು. ಆದ್ದರಿಂದ ಹಿತವಾದ, ಬೆರಳಿಗೆ ಒತ್ತದ ಪಾದರಕ್ಷೆ ಇರಲಿ. ಪ್ರದಕ್ಷಿಣೆ ಬೆಳಗ್ಗೆಯೋ ಸಂಜೆಯೋ ಆಗಲಿ. ರಾತ್ರಿ ಮಲಗುವ ಮುನ್ನ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ.

ಇನ್ಸುಲಿನ್ ಚುಚ್ಚಿಕೊಳ್ಳುವವರು ಮತ್ತು ಗ್ಲಿಮಿಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದ ಮಾತ್ರೆ ಸೇವಿಸುವವರು ನಡಿಗೆಯ ವೇಳೆ ಅಥವಾ ಅನಂತರ ಸಕ್ಕರೆ ತೀರ ಇಳಿಯುವ ಅಪಾಯವನ್ನು ಅರಿತಿರಬೇಕು. ನಡಿಗೆಗೆ ಮುನ್ನ ರಕ್ತದಲ್ಲಿ ಸಕ್ಕರೆ ಡೆಸಿಲೀಟರಿಗೆ ೯೦ ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಮೊದಲು ಏನಾದರೂ ತಿನ್ನಬೇಕು. ಕೈನಡುಕ, ಬೆವರು, ಎದೆಬಡಿತ, ತಬ್ಬಿಬ್ಬು ಇವು ಸಕ್ಕರೆ ಇಳಿದುದರ ಗುರುತು. ಇವನ್ನು ಮನಸ್ಸಿನ ಕಳವಳವೆಂದು ತಪ್ಪು ತಿಳಿಯುವುದು ಸುಲಭ. ಅಳೆದಾಗ ೭೦ಕ್ಕಿಂತ ಕೆಳಗಿದ್ದರೆ, ಅಳೆಯಲು ಸಾಧನವಿಲ್ಲದಿದ್ದರೂ ಅನುಮಾನವಾದೊಡನೆಯೇ, ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷ ಕುಳಿತು ಮತ್ತೆ ನೋಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಜೇಬಿನಲ್ಲಿ ಸಕ್ಕರೆಯ ಸಣ್ಣ ಪೊಟ್ಟಣವಿಲ್ಲದೆ ಇಂಥವರು ಹೊಸ್ತಿಲು ದಾಟಬಾರದು.

ಕಣ್ಣಿನ ಹಿಂಪರೆಯಲ್ಲಿ ರಕ್ತಸ್ರಾವದ ಭಯವಿರುವವರು ಭಾರ ಎತ್ತುವುದು, ಉಸಿರು ಬಿಗಿಹಿಡಿಯುವುದು, ಶೀರ್ಷಾಸನದಂತೆ ತಲೆಕೆಳಗಾಗುವುದು ಸಲ್ಲದು. ನಡೆಯುವಾಗ ಎದೆ ಬಿಗಿದರೆ, ಎಂದಿನಂತಲ್ಲದ ಉಬ್ಬಸ ಬಂದರೆ ಅಲ್ಲಿಯೇ ನಿಂತು ಒಡನೆಯೇ ವೈದ್ಯರ ಸಹಾಯ ಪಡೆಯಬೇಕು. ಸಕ್ಕರೆ ೨೫೦ಕ್ಕೂ ಮೇಲೇರಿ ವಾಂತಿ, ಹೊಟ್ಟೆನೋವು ಇದ್ದರೆ ಅಥವಾ ಮೂತ್ರದಲ್ಲಿ ಕೀಟೋನ್ ಕಂಡರೆ ಆ ದಿನ ವ್ಯಾಯಾಮದ ಮಾತಿಲ್ಲ, ಚಿಕಿತ್ಸೆಯ ಮಾತು. ಇದುವರೆಗೆ ಮೈ ದಣಿಸದೆ ಇದ್ದವರು, ಹೃದ್ರೋಗವಿದ್ದವರು, ಚಿಕ್ಕಂದಿನಿಂದ ಇನ್ಸುಲಿನ್ನಿನ ಮೇಲೆಯೇ ಇರುವವರು ವೈದ್ಯರನ್ನು ಕೇಳಿಯೇ ತಮ್ಮ ಕ್ರಮವನ್ನು ಗೊತ್ತುಮಾಡಿಕೊಳ್ಳುವುದು ಲೇಸು.

ಮನೆಯವರಿಗೆ ಒಂದು ವಿಜ್ಞಾಪನೆ. ಮಧುಮೇಹಿಯ ಮನೆಯಲ್ಲಿ ಪ್ರತಿಯೊಬ್ಬರೂ ಪೋಲೀಸರಾಗಿಬಿಡುವುದುಂಟು. ತಟ್ಟೆಯ ಮೇಲೆ ಕಣ್ಣು, ಡಬ್ಬದ ಮೇಲೆ ಕಣ್ಣು. ಪ್ರೀತಿಯಿಂದಲೇ ಮಾಡುವುದಾದರೂ ಕುಗ್ಗಿದ ಮನಸ್ಸಿಗೆ ಅದು ತಪ್ಪಿತಸ್ಥನೆಂಬ ಮುದ್ರೆಯಾಗುತ್ತದೆ. "ನಡೆಯಲು ಹೋಗಿ" ಎನ್ನುವುದಕ್ಕೂ "ನಾನೂ ಬರುತ್ತೇನೆ, ಬನ್ನಿ" ಎನ್ನುವುದಕ್ಕೂ ಇರುವ ಅಂತರ ದೊಡ್ಡದು. ಒಂದು ದಿನ ಬರಲೊಲ್ಲೆನೆಂದರೆ ಬೈಯದೆ ಮರುದಿನ ಮತ್ತೆ ಕರೆಯಿರಿ. ಅಂಕಿ ಏರಿದ ಚೀಟಿ ಬಂದಾಗ, "ಏನು ತಿಂದಿರಿ?" ಎಂಬುದಕ್ಕೆ ಮುಂಚೆ, "ಹೇಗಿದ್ದೀರಿ?" ಎಂದು ಕೇಳಿ ನೋಡಿ.

ಕೊನೆಯದಾಗಿ, ನಡಿಗೆ ಒಳ್ಳೆಯ ಮದ್ದೇ ಹೊರತು ಎಲ್ಲಕ್ಕೂ ಮದ್ದಲ್ಲ. ಕೆಲವು ವಾರ ನಡೆದರೂ ಮನಸ್ಸು ಮೇಲೇಳದಿದ್ದರೆ, ಅಥವಾ ಆರಂಭಿಸುವ ಚೈತನ್ಯವೂ ಇಲ್ಲದಿದ್ದರೆ ಅದು ನಿಮ್ಮ ಸೋಲಲ್ಲ. ಮಾತಿನ ಚಿಕಿತ್ಸೆಯೂ ಉಂಟು, ಮಾತ್ರೆಗಳೂ ಉಂಟು. ಈಗಾಗಲೇ ಮಾತ್ರೆ ಸೇವಿಸುತ್ತಿರುವವರು ನಡಿಗೆ ಶುರುವಾಯಿತೆಂದು ಅದನ್ನು ತಾವಾಗಿ ನಿಲ್ಲಿಸಬಾರದು. ನಮ್ಮ ದೇಶದಲ್ಲಿಯೇ ೪ ಚಿಕಿತ್ಸಾಲಯಗಳಲ್ಲಿ ಎರಡು ಕಾಯಿಲೆಗಳೂ ಇದ್ದ ೪೦೪ ಮಂದಿಯ ಮೇಲೆ ನಡೆದು ೨೦೨೦ರಲ್ಲಿ ಪ್ರಕಟವಾದ ಪ್ರಯೋಗವೊಂದುಂಟು. ಮನಸ್ಸನ್ನೂ ಸಕ್ಕರೆಯನ್ನೂ ಒಟ್ಟಿಗೆ ವಿಚಾರಿಸಿಕೊಳ್ಳುವ ಏರ್ಪಾಡಿನಲ್ಲಿದ್ದವರ ಪೈಕಿ ನೂರಕ್ಕೆ ಸುಮಾರು ೭೨ ಮಂದಿಗೆ ಎರಡು ವರ್ಷಗಳ ಕೊನೆಯಲ್ಲಿ ಖಿನ್ನತೆ ಗಣನೀಯವಾಗಿ ಇಳಿದು, ಸಕ್ಕರೆ, ರಕ್ತದೊತ್ತಡ, ಕೊಬ್ಬು ಇವುಗಳಲ್ಲಿ ಒಂದಾದರೂ ಸುಧಾರಿಸಿತ್ತು. ಎಂದಿನ ಚಿಕಿತ್ಸೆಯಲ್ಲಿದ್ದವರಲ್ಲಿ ಇಂಥವರು ಸುಮಾರು ೫೭ ಮಂದಿ. ಮನಸ್ಸಿನ ಸಂಗತಿಯನ್ನು ಸಕ್ಕರೆಯ ವೈದ್ಯರ ಮುಂದೆ ಹೇಳಲು ನಾಚಬೇಕಾಗಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಬದುಕೇ ಬೇಡವೆಂಬ ಯೋಚನೆ ಬಂದರಂತೂ ಒಂದು ದಿನವೂ ತಡೆಯಬಾರದು. ಹತ್ತಿರದವರೊಬ್ಬರಿಗೆ ಆಗಲೇ ತಿಳಿಸಿ, ಅವರೊಡನೆ ಆಸ್ಪತ್ರೆಗೆ ಹೋಗಿರಿ. ಕೇಂದ್ರ ಸರ್ಕಾರವು ೨೦೨೨ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸೇವೆ ಹಗಲಿರುಳೂ ಉಂಟು; ಕನ್ನಡದಲ್ಲಿಯೇ ಮಾತಾಡಬಹುದು. ಸಂಖ್ಯೆ ೧೪೪೧೬: ಒಂದು, ನಾಲ್ಕು, ನಾಲ್ಕು, ಒಂದು, ಆರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದರ ಮುಖ್ಯ ಕೇಂದ್ರ. ಆ ಸಂಖ್ಯೆಯನ್ನು ಪಂಚಾಂಗದ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ನಿಮಗೆ ಬೇಡವಾದರೂ ಇನ್ನೊಬ್ಬರಿಗೆ ಬೇಕಾದೀತು.

ನಮ್ಮ ಉಪಾಧ್ಯಾಯರ ಕಥೆ ಮುಂದೇನಾಯಿತೆಂದು ಕೇಳುವಿರಾ? ಅದು ನಾನು ಹೇಳತಕ್ಕ ಕಥೆಯಲ್ಲ, ಆ ಮನೆಯವರು ಬರೆಯಬೇಕಾದದ್ದು. ಇಂದು ರಾತ್ರಿ ಊಟವಾದ ಮೇಲೆ ರೇಡಿಯೋದಲ್ಲಿ ಹಾಡು ಬಂದಾಗ ಯಾರಾದರೊಬ್ಬರು ಬಾಗಿಲ ಮೂಲೆಯ ಚಪ್ಪಲಿಯ ಧೂಳನ್ನು ಕೊಡವಿ, ಮುಂದಿಟ್ಟು, "ಒಂದು ಹಾಡಿನಷ್ಟು ದೂರ ಮಾತ್ರ" ಎಂದು ಕೈ ಚಾಚಿದರೆ ಮೊದಲ ವಾಕ್ಯ ಬರೆದಂತಾಯಿತು.